ಓದುಗರ ಪ್ರಶ್ನೆ, ನಮ್ಮ ಉತ್ತರ: ಬೆಳೆ ವಿಮೆ ಲೆಕ್ಕ ನಡೆಯೋದು ನಿಮ್ಮ ಹೊಲದಲ್ಲಲ್ಲ

ಈ ಸಲ ಬಂದ ಪತ್ರ, ವಾಟ್ಸಾಪ್ ಮೆಸೇಜ್ ಎಲ್ಲ ಸೇರಿಸಿ ನೋಡಿದ್ರೆ ಅರ್ಧಕ್ಕಿಂತ ಜಾಸ್ತಿ ಬೆಳೆ ವಿಮೆದೇ. ಅದಕ್ಕೆ ಈ ಸಂಚಿಕೆ ಪೂರ್ತಿ ಅದಕ್ಕೇ ಇಟ್ಟಿದೀನಿ. ಹೆಸರು ಹಾಕಬೇಡಿ ಅಂತ ತುಂಬ ಜನ ಕೇಳಿದ್ರು, ಹಾಗಾಗಿ ಬರೀ ಊರಿನ ಕಡೆ ಮಾತ್ರ ಬರೆದಿದೀನಿ.

ಪ್ರಶ್ನೆ: ನಮ್ಮದು ಕಲಬುರಗಿ ಜಿಲ್ಲಾ, ಚಿತ್ತಾಪುರ ಕಡಿ. ಐದು ಎಕರೆ ತೊಗರಿ ಹಾಕಿದ್ದೆ, ನೆಟೆರೋಗ ಬಂದು ಪೂರಾ ಒಣಗಿ ಹೋಯ್ತು. ಪ್ರೀಮಿಯಂ ಟೈಮಿಗಿ ಕಟ್ಟೀನಿ. ಬಾಜೂ ಪಂಚಾಯ್ತಿದವ್ರಿಗಿ ರೊಕ್ಕ ಬಂತು, ನಮಗ ಒಂದ್ ರೂಪಾಯಿ ಬಂದಿಲ್ಲ. ಹೊಲಕ್ಕ ಯಾರೂ ಬಂದು ನೋಡೇ ಇಲ್ಲ. ಹಿಂಗ್ಯಾಕ?

ಅಣ್ಣಾ, ನಿಮ್ಮ ಪತ್ರ ಓದಿ ಬೇಜಾರಾಯ್ತು, ಐದು ಎಕರೆ ತೊಗರಿ ಕಣ್ಣೆದುರಿಗೇ ಒಣಗೋದು ಅಂದ್ರೆ ಏನು ಅಂತ ಗೊತ್ತು. ಆದ್ರೆ ಒಂದು ವಿಷಯ ಮೊದಲೇ ನೇರವಾಗಿ ಹೇಳ್ಬಿಡ್ತೀನಿ, ಯಾಕಂದ್ರೆ ಪ್ರೀಮಿಯಂ ಕಟ್ಟಿಸಿಕೊಳ್ಳೋವಾಗ ಇದನ್ನ ಯಾರೂ ಹೇಳಲ್ಲ. ನೀವು ವಿಮೆ ಮಾಡಿಸಿರೋದು ನಿಮ್ಮ ಹೊಲಕ್ಕೆ ಅಂತ ಅಂದ್ಕೊಂಡಿದೀರಿ, ನಿಜವಾಗಿ ಅದು ನಿಮ್ಮ ಗ್ರಾಮ ಪಂಚಾಯ್ತಿಯ ಸರಾಸರಿ ಇಳುವರಿಗೆ ಮಾಡಿರೋ ವಿಮೆ. ಈ ವಿಮೆ ನಡೆಯೋದು ಕೇಂದ್ರದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ, ಅದರಲ್ಲಿ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯ್ತಿ ಒಂದು ಘಟಕ, ಉಳಿದ ಬೆಳೆಗಳಿಗೆ ಹೋಬಳಿ ಒಂದು ಘಟಕ. ಆ ಘಟಕದಲ್ಲಿ ಇಳುವರಿ ಬಿತ್ತು ಅಂತ ಲೆಕ್ಕ ಬಂದ್ರೆ ಅಲ್ಲಿ ಆ ಬೆಳೆಗೆ ವಿಮೆ ಕಟ್ಟಿದ ಎಲ್ಲರಿಗೂ ಒಂದೇ ರೇಟಲ್ಲಿ ದುಡ್ಡು, ಚೆನ್ನಾಗಿ ಬೆಳೆದವನಿಗೂ ಸೇರಿ. ಬೀಳಲಿಲ್ಲ ಅಂದ್ರೆ ಯಾರಿಗೂ ಇಲ್ಲ, ಪೂರ್ತಿ ಕಳಕೊಂಡವನಿಗೂ ಇಲ್ಲ. ಅದಕ್ಕೇ ನಿಮ್ಮ ಹೊಲಕ್ಕೆ ಯಾರೂ ಬಂದಿಲ್ಲ, ಈ ಲೆಕ್ಕಕ್ಕೆ ಅವರು ಬರಬೇಕಾಗೇ ಇಲ್ಲ.

ಲೆಕ್ಕ ಹೇಗೆ ಅಂತ ಒಂದು ಉದಾಹರಣೆ ಹಾಕಿ ತೋರಿಸ್ತೀನಿ, ಪೆನ್ನು ಹಿಡ್ಕೊಂಡು ಕೂತ್ಕೊಳ್ಳಿ. ನಿಮ್ಮ ಪಂಚಾಯ್ತಿಯ ಹಿಂದಿನ ಏಳು ವರ್ಷದ ಇಳುವರಿ ತಗೊಂತಾರೆ. ಹೆಕ್ಟೇರಿಗೆ 820, 410, 760, 300, 900, 650, 700 ಕೆಜಿ ಅಂತ ಇಟ್ಕೊಳ್ಳೋಣ. ಇದರಲ್ಲಿ ಚೆನ್ನಾಗಿರೋ ಐದು ವರ್ಷ ಮಾತ್ರ ಇಟ್ಕೊಂಡು 410, 300 ಬಂದ ವರ್ಷ ಬಿಡ್ತಾರೆ. ಐದರ ಸರಾಸರಿ 766 ಕೆಜಿ. ಇಷ್ಟಕ್ಕೂ ಗ್ಯಾರಂಟಿ ಕೊಡಲ್ಲ, ಇದರಲ್ಲಿ ಶೇಕಡ 70, 80 ಅಥವಾ 90 ಅಂತ ಸರ್ಕಾರ ಮೊದಲೇ ನಿಗದಿ ಮಾಡಿರುತ್ತೆ. 80 ಅಂತಿಟ್ಕೊಂಡ್ರೆ ಸುಮಾರು 613 ಕೆಜಿ. ಇದೇ ಥ್ರೆಶೋಲ್ಡ್ ಇಳುವರಿ. ಈ ವರ್ಷ ನಿಮ್ಮ ಪಂಚಾಯ್ತಿ ಸರಾಸರಿ 400 ಬಂತು ಅಂದ್ರೆ ಕೊರತೆ 213 ಕೆಜಿ, ಅಂದ್ರೆ 613ರಲ್ಲಿ ಶೇಕಡ 35ರ ಹತ್ತಿರ. ವಿಮಾ ಮೊತ್ತ ಹೆಕ್ಟೇರಿಗೆ 50,000 ರೂಪಾಯಿ ಇದ್ರೆ ಸುಮಾರು 17,360 ರೂಪಾಯಿ ಬರುತ್ತೆ, ಎಕರೆಗೆ ಇಳಿಸಿದ್ರೆ 7,000ದ ಆಸುಪಾಸು. ಅದೇ ಪಂಚಾಯ್ತಿ ಸರಾಸರಿ 620 ಬಂತು ಅಂದ್ರೆ ಸೊನ್ನೆ. ನಿಮ್ಮ ಐದೆಕರೆಯಲ್ಲಿ ಒಂದು ಕಾಳೂ ಸಿಗದಿದ್ರೂ ಸೊನ್ನೆನೇ. ಬಾಜೂ ಪಂಚಾಯ್ತಿಗೆ ಬಂದು ನಿಮಗೆ ಬರದಿರೋಕೆ ಕಾರಣ ಬಹುತೇಕ ಇಲ್ಲೇ ಇರುತ್ತೆ, ಅವರ ಥ್ರೆಶೋಲ್ಡ್ ಬೇರೆ, ಅವರ ಈ ವರ್ಷದ ಸರಾಸರಿ ಬೇರೆ.

ಇನ್ನೊಂದು ಮಾತು, ಇದು ನನಗೆ ತುಂಬ ಸಂಕಟ ಕೊಡೋ ವಿಷಯ. ಪದೇಪದೇ ಬರ ಬೀಳೋ ಊರಿಗೆ ಈ ಗ್ಯಾರಂಟಿಯೇ ಕಮ್ಮಿ ಆಗಿಬಿಡುತ್ತೆ. 400, 300, 350, 250, 500, 200, 380 ಅಂತ ಏಳು ವರ್ಷ ತಗೊಳ್ಳಿ, ಒಳ್ಳೆ ಐದರ ಸರಾಸರಿ 386, ಅದರ ಶೇಕಡ 80 ಅಂದ್ರೆ 309. ಅಂದ್ರೆ ಆ ಊರಲ್ಲಿ 320 ಕೆಜಿ ಬಂದ್ರೂ 'ಬೆಳೆ ಚೆನ್ನಾಗಿದೆ' ಅಂತಲೇ ಲೆಕ್ಕ. ಎಲ್ಲಿ ವಿಮೆ ಹೆಚ್ಚು ಬೇಕೋ ಅಲ್ಲಿ ಆಸರೆ ತೆಳ್ಳಗೆ. ಎರಡು ಕೆಟ್ಟ ವರ್ಷ ತೆಗೆದ್ರೂ ಉಳಿದ ಐದೂ ಕೆಟ್ಟವೇ ಆದ್ರೆ ಆ ರೈತ ಏನು ಮಾಡ್ಬೇಕು ಅನ್ನೋದಕ್ಕೆ ಈಗಿನ ಫಾರ್ಮುಲಾದಲ್ಲಿ ಉತ್ತರ ಇಲ್ಲ, ಇದನ್ನ ಬದಲಾಯಿಸಬೇಕು ಅಂತ ರೈತ ಸಂಘಟನೆಗಳು ಗಟ್ಟಿಯಾಗಿ ಕೇಳಬೇಕು.

ಪ್ರಶ್ನೆ: ಹಾಗಾದ್ರೆ ಈ ವರ್ಷದ ಇಳುವರಿ ಎಷ್ಟು ಅಂತ ಯಾರು ಹೇಳೋದು? ಆಫೀಸಲ್ಲಿ ಕೂತು ಬರೀತಾರಾ? (ತುಮಕೂರು ಜಿಲ್ಲೆ, ಶಿರಾ ಕಡೆಯ ಓದುಗರು)

ಇಲ್ಲ, ಬೆಳೆ ಕಟಾವು ಪ್ರಯೋಗ ಅಂತ ಮಾಡ್ತಾರೆ, ಮತ್ತೆ ಈ ಸರಾಸರಿ ಲೆಕ್ಕದಲ್ಲಿ ನಿಮ್ಮ ಕೈಗೆ ಸಿಗೋ ಜಾಗ ಇದೊಂದೇ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

ಗ್ರಾಮ ಪಂಚಾಯ್ತಿಗೆ ಒಂದು ಬೆಳೆಗೆ 4 ಪ್ರಯೋಗ, ಹೋಬಳಿ ಮಟ್ಟ ಆದ್ರೆ 10. ಯಾವ ಸರ್ವೆ ನಂಬರ್ ಅನ್ನೋದನ್ನ ಲಾಟರಿ ಥರ ಆಯ್ಕೆ ಮಾಡ್ತಾರೆ, ಆ ಹೊಲದ ಮೂಲೆಯಿಂದ ಎಷ್ಟು ಹೆಜ್ಜೆ ಉದ್ದ, ಎಷ್ಟು ಹೆಜ್ಜೆ ಅಗಲ ಅಂತಲೂ ಹಾಗೇ ಬಂದ ನಂಬರ್ ಪ್ರಕಾರ ನಡೆದು ಗೂಟ ಹೊಡೀತಾರೆ. ರಾಗಿ, ಭತ್ತದಂಥ ಬೆಳೆಗೆ 5 ಮೀಟರ್ ಉದ್ದ, 5 ಮೀಟರ್ ಅಗಲ, ನಾಲ್ಕು ಮೂಲೆಗೆ ಹಗ್ಗ. ಒಳಗಿರೋದನ್ನ ಕೊಯ್ದು, ಬಡಿದು, ತೂರಿ, ತೂಕ ಮಾಡಿ ಮೊಬೈಲ್ ಆಪಲ್ಲಿ ಫೋಟೋ ಸಮೇತ ಹಾಕ್ತಾರೆ. ಕಂದಾಯ, ಕೃಷಿ, ಪಂಚಾಯತ್ ರಾಜ್ ಇಲಾಖೆಗಳ ಸಿಬ್ಬಂದಿಗೆ ಈ ಕೆಲಸ ಹಂಚಿರ್ತಾರೆ, ವಿಮಾ ಕಂಪನಿಯವರೂ ಬಂದು ನಿಂತು ನೋಡಬಹುದು.

ಈಗ ಲೆಕ್ಕ ನೋಡಿ. 5 ಮೀಟರ್ ಚೌಕ ಅಂದ್ರೆ 25 ಚದರ ಮೀಟರ್. ಹೆಕ್ಟೇರಿಗೆ ಅಂಥವು 400. ಅಂದ್ರೆ ಹಗ್ಗದೊಳಗೆ ಬಂದ ತೂಕಕ್ಕೆ 400ರಿಂದ ಗುಣಿಸ್ತಾರೆ. ಅಲ್ಲಿ ಒಂದು ಕೆಜಿ ಹೆಚ್ಚುಕಮ್ಮಿ ಆದ್ರೆ ಹೆಕ್ಟೇರಿಗೆ 400 ಕೆಜಿ ಹೆಚ್ಚುಕಮ್ಮಿ, ನಾಲ್ಕು ಪ್ರಯೋಗದ ಸರಾಸರಿಯಲ್ಲಿ ಅದು 100 ಕೆಜಿ. ಒಂದೇ ಒಂದು ಕೆಜಿ ಇಡೀ ಪಂಚಾಯ್ತಿಯ ಪರಿಹಾರವನ್ನ ಅತ್ತಿತ್ತ ಮಾಡಿಬಿಡಬಹುದು! ಹಸಿ ಕಾಳು ತೂಗಿ ಒಣಗಿದ ಮೇಲಿನ ತೂಕ ಹಿಡೀಲಿಲ್ಲ ಅಂದ್ರೂ ಅಷ್ಟೇ, ಹಗ್ಗ ಒಂದು ಕಡೆ ಸಡಿಲ ಬಿಟ್ಟು ಇನ್ನೊಂದು ಸಾಲು ಒಳಗೆ ಬಂದ್ರೂ ಅಷ್ಟೇ.

ನಮ್ಮೂರಲ್ಲಿ ಒಂದು ವರ್ಷ ರಾಗಿ ಕಟಾವು ಪ್ರಯೋಗ ನಡೀವಾಗ ನಾನೇ ಹೋಗಿ ನಿಂತಿದ್ದೆ. ಸರ್ವೆ ನಂಬರ್ ಬಂದಿದ್ದು ಕೆರೆ ಕೆಳಗಿನ ಹೊಲ. ಹೊಲದ ಯಜಮಾನ ಬೆಳಗ್ಗೆಯಿಂದ ಕಾಯ್ತಾ ಇದ್ದ, ಬಂದವರು ಇಬ್ಬರು, ಮಧ್ಯಾಹ್ನ ಆಗಿತ್ತು, ಅವರಿಗೆ ಅವತ್ತೇ ಇನ್ನೂ ಎರಡು ಊರು ಬಾಕಿ ಇತ್ತು. ಗದ್ದೆ ಬದಿಯಿಂದ ಹೆಜ್ಜೆ ಎಣಿಸೋವಾಗ ಒಬ್ಬರು ಒದ್ದೆ ಜಾಗ ತಪ್ಪಿಸೋಕೆ ಅಂತ ಸ್ವಲ್ಪ ಪಕ್ಕಕ್ಕೆ ಸರಿದ್ರು, ಅಲ್ಲಿ ತೆನೆ ದಪ್ಪ ಇತ್ತು. ಕೆಟ್ಟ ಉದ್ದೇಶ ಏನಿರಲಿಲ್ಲ. ಯಜಮಾನ 'ಸ್ವಾಮಿ ನಂಬರ್ ಪ್ರಕಾರ ಇಲ್ಲಿ ಬರುತ್ತೆ' ಅಂತ ಮೆತ್ತಗೆ ಹೇಳಿದ, ಅವರು ಒಪ್ಪಿ ಗೂಟ ಕಿತ್ತು ಸರಿ ಜಾಗಕ್ಕೆ ಹೊಡೆದ್ರು. ಅವನು ಅವತ್ತು ಹೊಲದಲ್ಲಿ ಇಲ್ಲದಿದ್ರೆ? ಅದರ ಹಿಂದಿನ ವರ್ಷ ಇನ್ನೊಂದು ಹೊಲದಲ್ಲಿ ಯಾರೂ ಇರಲಿಲ್ಲ, ಏನಾಯ್ತು ಅಂತ ಯಾರಿಗೂ ಗೊತ್ತಿಲ್ಲ, ಆ ವರ್ಷ ನಮ್ಮ ಪಂಚಾಯ್ತಿಗೆ ರಾಗಿಗೆ ಏನೂ ಬರಲಿಲ್ಲ.

ಅದಕ್ಕೆ ಕೈಮುಗಿದು ಕೇಳ್ತೀನಿ, ನಿಮ್ಮ ಪಂಚಾಯ್ತಿಯಲ್ಲಿ ಯಾವ ಸರ್ವೆ ನಂಬರ್ ಬಂದಿದೆ, ಯಾವತ್ತು ಕಟಾವು ಅಂತ ಗ್ರಾಮ ಆಡಳಿತ ಅಧಿಕಾರಿ ಹತ್ರ ಇಲ್ಲ ರೈತ ಸಂಪರ್ಕ ಕೇಂದ್ರದಲ್ಲಿ ಮೊದಲೇ ಕೇಳಿ ತಿಳ್ಕೊಳ್ಳಿ. ಅವತ್ತು ನಾಲ್ಕು ಜನ ಹೋಗಿ ನಿಂತ್ಕೊಳ್ಳಿ. ಜಗಳ ಮಾಡೋಕಲ್ಲ, ಅಳತೆ ಟೇಪು, ತಕ್ಕಡಿ, ಒಣ ತೂಕ ಸರಿ ಇದೆಯಾ ಅಂತ ನೋಡೋಕೆ. ತೂಕ ಎಷ್ಟು ಬಂತು ಅಂತ ಡೈರಿಲಿ ಬರ್ಕೊಳ್ಳಿ.

ಪ್ರಶ್ನೆ: ನಾನು ಶೇಂಗಾಕ್ಕೆ ಶೇಕಡ 2 ಕಟ್ಟಿದೆ, ನಮ್ಮ ಭಾವ ಈರುಳ್ಳಿಗೆ ಶೇಕಡ 5 ಕಟ್ಟಿದ್ದಾರೆ. ಪೇಪರಲ್ಲಿ ನೋಡಿದ್ರೆ ಕಂಪನಿ ರೇಟು ಶೇಕಡ 20 ಅಂತ ಏನೇನೋ ಇರುತ್ತೆ. ರೇಟು ಯಾರು ಕಟ್ಟೋದು? ವಿಮಾ ಮೊತ್ತ ಯಾಕೆ ಇಷ್ಟು ಕಮ್ಮಿ? (ಚಳ್ಳಕೆರೆ)

ಎರಡು ಬೇರೆ ಬೇರೆ ಪ್ರಶ್ನೆ ಕೇಳಿದ್ದೀರಿ, ವಿಮಾ ಮೊತ್ತದಿಂದ ಶುರು ಮಾಡ್ತೀನಿ.

ಒಂದು ಹೆಕ್ಟೇರಿಗೆ ಎಷ್ಟು ರೂಪಾಯಿ ಅನ್ನೋದು ಸ್ಕೇಲ್ ಆಫ್ ಫೈನಾನ್ಸ್ ಮೇಲೆ ನಿಂತಿರುತ್ತೆ, ಅಂದ್ರೆ ಆ ಜಿಲ್ಲೆಯಲ್ಲಿ ಆ ಬೆಳೆ ಬೆಳೆಯೋಕೆ ಬ್ಯಾಂಕು, ಸೊಸೈಟಿ ಎಷ್ಟು ಬೆಳೆಸಾಲ ಕೊಡಬಹುದು ಅಂತ ಜಿಲ್ಲಾ ಮಟ್ಟದ ತಾಂತ್ರಿಕ ಸಮಿತಿ ಹಾಕೋ ಲೆಕ್ಕ. ಬೀಜ, ಗೊಬ್ಬರ, ಉಳುಮೆ, ಕೂಲಿ ಖರ್ಚು ಅದರಲ್ಲಿ ಇರುತ್ತೆ. ನೀವು ಮಾರಿದ್ರೆ ಬರೋ ದುಡ್ಡಲ್ಲ, ಲಾಭವಂತೂ ಅಲ್ಲವೇ ಅಲ್ಲ. ಹಾಗಾಗಿ ಬೆಳೆ ವಿಮೆಯಿಂದ ಬೆಳೆ ಬೆಲೆ ವಾಪಸ್ ಬರುತ್ತೆ ಅಂತ ಲೆಕ್ಕ ಹಾಕ್ಬೇಡಿ, ಹಾಕಿದ ಖರ್ಚಲ್ಲಿ ಒಂದು ಪಾಲು ಬರಬಹುದು, ಅಷ್ಟೇ. ಮತ್ತೆ ಕಾಗದದಲ್ಲಿ ಎಲ್ಲ ಹೆಕ್ಟೇರ್ ಲೆಕ್ಕ, ನಾವು ಮಾತಾಡೋದು ಎಕರೆ ಲೆಕ್ಕ. ಒಂದು ಹೆಕ್ಟೇರ್ ಅಂದ್ರೆ ಹತ್ತಿರ ಹತ್ತಿರ ಎರಡೂವರೆ ಎಕರೆ, ಇದನ್ನ ಮರೆತು ತುಂಬ ಜನ 'ನನಗೆ ಅರ್ಧಕ್ಕಿಂತ ಕಮ್ಮಿ ಹಾಕಿದ್ದಾರೆ' ಅಂತ ಗಲಾಟೆ ಮಾಡಿರೋದು ನೋಡಿದೀನಿ.

ಇನ್ನು ರೇಟು. ರೈತ ಕಟ್ಟೋದು ಯೋಜನೆ ಶುರುವಾದ 2016ರ ಮುಂಗಾರಿನಿಂದ ಇವತ್ತಿನವರೆಗೂ ಒಂದೇ: ಮುಂಗಾರಿನ ಆಹಾರ ಧಾನ್ಯ, ಎಣ್ಣೆಕಾಳಿಗೆ ಶೇಕಡ 2, ಹಿಂಗಾರಿಗೆ ಒಂದೂವರೆ, ಹತ್ತಿ, ಈರುಳ್ಳಿ, ಮೆಣಸಿನಕಾಯಿ ಥರದ ವಾಣಿಜ್ಯ, ತೋಟಗಾರಿಕೆ ಬೆಳೆಗೆ 5. ಅದಕ್ಕೇ ನಿಮ್ಮ ಭಾವನಿಗೆ ಜಾಸ್ತಿ ಬಂದಿದ್ದು. ಆದ್ರೆ ವಿಮಾ ಕಂಪನಿ ತಗೊಳ್ಳೋ ಪೂರ್ತಿ ರೇಟು ಬೇರೆ. ಜಿಲ್ಲೆಗಳನ್ನ ಗುಂಪು ಮಾಡಿ ಸರ್ಕಾರ ಟೆಂಡರ್ ಕರೆಯುತ್ತೆ. ಕಂಪನಿಯವರು ಆ ಜಿಲ್ಲೆ, ಆ ಬೆಳೆಯ ಹಳೇ ಇಳುವರಿ ಇಟ್ಕೊಂಡು 'ಈ ವಿಮೆ ಹಿಂದಿನ ವರ್ಷಗಳಲ್ಲೂ ಇದ್ದಿದ್ರೆ ನಾವು ಎಷ್ಟು ಸಲ, ಎಷ್ಟು ಕೊಡಬೇಕಾಗಿತ್ತು' ಅಂತ ಲೆಕ್ಕ ಹಾಕ್ತಾರೆ, ಅದರ ಮೇಲೆ ತಮ್ಮ ಖರ್ಚು, ತಾವು ಇನ್ನೊಂದು ಕಂಪನಿ ಹತ್ರ ಮರುವಿಮೆ ಮಾಡಿಸೋ ಖರ್ಚು, ಲಾಭ ಎಲ್ಲ ಸೇರಿಸಿ ರೇಟು ಕೋಟ್ ಮಾಡ್ತಾರೆ. ಒಟ್ಟಾರೆ ಯಾರದ್ದು ಕಮ್ಮಿಯೋ ಅವರಿಗೆ ಆ ಗುಂಪು. ಮಳೆ ನಂಬಿರೋ ಶೇಂಗಾ ಹೊಲ ನಿಮ್ಮ ಕಡೆ ಎಷ್ಟು ಸಲ ಕೈಕೊಟ್ಟಿದೆ ನಿಮಗೇ ಗೊತ್ತಲ್ಲ, ಅದಕ್ಕೇ ಅಂಥ ಕಡೆ ರೇಟು ಏರುತ್ತೆ, ನೀರಾವರಿ ಭತ್ತಕ್ಕೆ ಇಳಿಯುತ್ತೆ.

ಶೇಕಡ 20 ರೇಟು, 50,000 ವಿಮಾ ಮೊತ್ತ ಅಂದ್ರೆ ಕಂಪನಿಗೆ ಹೋಗೋದು ಹೆಕ್ಟೇರಿಗೆ 10,000. ನೀವು ಕಟ್ಟೋದು 1,000. ಉಳಿದ 9,000ದಲ್ಲಿ ಕೇಂದ್ರ ಅರ್ಧ, ರಾಜ್ಯ ಅರ್ಧ. 2020ರ ಮುಂಗಾರಿನಿಂದ ಕೇಂದ್ರ ಒಂದು ಗೆರೆ ಹಾಕಿದೆ, ಮಳೆಯಾಶ್ರಿತ ಕಡೆ ಶೇಕಡ 30, ನೀರಾವರಿ ಕಡೆ 25ರ ತನಕದ ರೇಟಿಗೆ ಮಾತ್ರ ತನ್ನ ಪಾಲು ಕೊಡುತ್ತೆ, ಅದಕ್ಕಿಂತ ಮೇಲೆ ಹೋದದ್ದೆಲ್ಲ ರಾಜ್ಯದ ತಲೆ ಮೇಲೆ. ರಾಜ್ಯಗಳು ಈ ಯೋಜನೆ ಬಿಟ್ಟು ಹೋಗಿದ್ದಕ್ಕೆ ಹೀಗೆ ಏರೋ ಸಬ್ಸಿಡಿ ಖರ್ಚೂ ಒಂದು ಕಾರಣ, ಬಿಹಾರ, ಗುಜರಾತ್, ತೆಲಂಗಾಣ ಎಲ್ಲ ಹೀಗೆ ಹೊರಗೆ ಹೋದ್ವು. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಶುರುವಾದ ಇನ್ನೊಂದು ಥರ ಇದೆ, ಬೀಡ್ ಮಾದರಿ ಅಂತಾರೆ: ಕಂಪನಿ ಪ್ರೀಮಿಯಂನ ಶೇಕಡ 110ರ ತನಕ ಪರಿಹಾರ ಕೊಡುತ್ತೆ, ಅದಕ್ಕಿಂತ ಜಾಸ್ತಿ ಆದ್ರೆ ಸರ್ಕಾರ ಕೊಡುತ್ತೆ, ಒಳ್ಳೆ ವರ್ಷ ಬಂದು ಪರಿಹಾರ 80ಕ್ಕಿಂತ ಕಮ್ಮಿ ಆದ್ರೆ ಉಳಿದ ದುಡ್ಡಲ್ಲಿ ತನ್ನ ಪಾಲು ಇಟ್ಕೊಂಡು ಬಾಕಿ ಸರ್ಕಾರಕ್ಕೆ ವಾಪಸ್. ನನ್ನ ಮಟ್ಟಿಗೆ ಇದು ನ್ಯಾಯವಾದ ದಾರಿ, ಜನರ ತೆರಿಗೆ ದುಡ್ಡು ಒಳ್ಳೆ ವರ್ಷದಲ್ಲಿ ಪೂರ್ತಿ ಕಂಪನಿ ಪಾಲಾಗಬಾರದು.

ಪ್ರಶ್ನೆ: ಟೊಮೇಟೊ ರೇಟು ಬಿದ್ದು ಬುಟ್ಟಿಗಟ್ಟಲೆ ರಸ್ತೆಗೆ ಸುರಿದ್ವಿ. ವಿಮೆ ಬರುತ್ತಾ? (ಕೋಲಾರ)

ಬರಲ್ಲ ತಮ್ಮಾ. ಇದು ಇಳುವರಿಗೆ ವಿಮೆ, ಬೆಲೆಗಲ್ಲ. ಬೆಳೆ ಜಾಸ್ತಿ ಬಂದು ರೇಟು ಬಿದ್ರೆ ಈ ಯೋಜನೆ ಪ್ರಕಾರ ನಷ್ಟವೇ ಆಗಿಲ್ಲ.

ಪ್ರಶ್ನೆ: ನಮ್ಮ ತಾಲ್ಲೂಕು ಬರಪೀಡಿತ ಅಂತ ಸರ್ಕಾರವೇ ಘೋಷಣೆ ಮಾಡ್ತು. ಮತ್ತೆ ವಿಮೆ ಯಾಕೆ ಬರಲಿಲ್ಲ? (ಗದಗ ಜಿಲ್ಲೆ)

ಎರಡೂ ಬೇರೆ ಬೇರೆ ಚೀಲ. 2023ರಲ್ಲಿ ನಮ್ಮ ರಾಜ್ಯದ 236 ತಾಲ್ಲೂಕಲ್ಲಿ 223 ಬರಪೀಡಿತ ಅಂತ ಆಯ್ತು, ಅದರಿಂದ ಬಂದಿದ್ದು ಬರ ಪರಿಹಾರ. ಮಳೆಯಾಶ್ರಿತಕ್ಕೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500, ಅದೂ 2 ಹೆಕ್ಟೇರ್ ಮಿತಿಯಲ್ಲಿ, ವಿಪತ್ತು ಪರಿಹಾರ ನಿಧಿಯ ನಿಯಮ ಅದು. ಅದಕ್ಕೆ ಪ್ರೀಮಿಯಂ ಬೇಡ. ವಿಮೆಗೆ ಘೋಷಣೆ ಲೆಕ್ಕಕ್ಕಿಲ್ಲ, ಪಂಚಾಯ್ತಿ ಇಳುವರಿ ಥ್ರೆಶೋಲ್ಡ್‌ಗಿಂತ ಕೆಳಗೆ ಬಿತ್ತಾ ಅನ್ನೋದೊಂದೇ. ಆದ್ರೆ ವಿಮೆ ಒಳಗೇ ಬರಕ್ಕೆ ಸಂಬಂಧಪಟ್ಟ ಎರಡು ವಿಷಯ ಇದೆ. ಮಳೆ ಇಲ್ದೆ ನಿಮ್ಮ ಘಟಕದಲ್ಲಿ ಶೇಕಡ 75ಕ್ಕಿಂತ ಜಾಸ್ತಿ ಜಾಗ ಬಿತ್ತನೆಯೇ ಆಗಲಿಲ್ಲ ಅಂದ್ರೆ ವಿಮಾ ಮೊತ್ತದ ಶೇಕಡ 25 ಕೊಟ್ಟು ಪಾಲಿಸಿ ಅಲ್ಲಿಗೇ ಮುಗಿಸ್ತಾರೆ. ಬೆಳೆ ಮಧ್ಯದಲ್ಲಿ ಒಣಗಿ, ಮಾಮೂಲಿ ಇಳುವರಿಯ ಅರ್ಧಕ್ಕಿಂತ ಕಮ್ಮಿ ಬರುತ್ತೆ ಅಂತ ಅಧಿಕಾರಿಗಳ ಜಂಟಿ ಸಮೀಕ್ಷೆಯಲ್ಲಿ ಕಂಡುಬಂದ್ರೆ, ಬರಬಹುದಾದ ಪರಿಹಾರದ ಶೇಕಡ 25ನ್ನ ಮುಂಗಡ ಕೊಡ್ತಾರೆ, ಉಳಿದದ್ದು ಕಟಾವು ಪ್ರಯೋಗ ಆದ ಮೇಲೆ. ಇವೆರಡೂ ರೈತ ಒಬ್ಬನೇ ಅರ್ಜಿ ಹಾಕಿ ತಗೊಳ್ಳೋದಲ್ಲ, ಜಿಲ್ಲಾಡಳಿತ ಆದೇಶ ಮಾಡಬೇಕು, ಅದಕ್ಕೆ ಪಂಚಾಯ್ತಿಯಿಂದ ಠರಾವು ಮಾಡಿ ಕಳಿಸಿ ಒತ್ತಾಯ ಮಾಡಿ.

ಪ್ರಶ್ನೆ: ನಮ್ಮದು ಅಡಿಕೆ, ಶಿರಸಿ ಹತ್ತಿರ. ಕೊಳೆರೋಗದಿಂದ ಅರ್ಧ ಫಸಲು ಹೋಯಿತು. ಮಳೆಮಾಪನದ ಲೆಕ್ಕದಲ್ಲಿ ನಮ್ಮ ಪಂಚಾಯ್ತಿಗೆ ಬಹಳ ಕಡಿಮೆ ಹಣ ಬಂದಿದೆ. ತೋಟ ನೋಡದೆ ಮಳೆ ನೋಡಿ ವಿಮೆ ಕೊಡುವುದು ಎಂಥ ಕ್ರಮ?

ನಿಮ್ಮದು ಬೇರೆ ಯೋಜನೆ, ಹವಾಮಾನ ಆಧಾರಿತ ಬೆಳೆ ವಿಮೆ. ಅಡಿಕೆ, ಕಾಳುಮೆಣಸು, ಮಾವು, ದಾಳಿಂಬೆ ಅಂಥ ಬೆಳೆಗೆ ಇದು. ಇದರಲ್ಲಿ ಇಳುವರಿ ತೂಗೋದೇ ಇಲ್ಲ. ಇಂಥ ದಿನದಿಂದ ಇಂಥ ದಿನದವರೆಗೆ ಇಷ್ಟಕ್ಕಿಂತ ಜಾಸ್ತಿ ಮಳೆ ಬಿದ್ರೆ, ಇಷ್ಟು ದಿನ ಬಿಡದೆ ಸುರಿದ್ರೆ ಇಷ್ಟು ರೂಪಾಯಿ, ಮಳೆ ಬರದಿದ್ರೆ ಇಷ್ಟು ಅಂತ ಮೊದಲೇ ಒಂದು ಟೇಬಲ್ ಮಾಡಿಟ್ಟಿರ್ತಾರೆ. ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತ ಇದ್ದಾಗ ಬೆಳೆಗಾರ ಶೇಕಡ 5, ಅಂದ್ರೆ 6,400 ಕಟ್ಟಿದ್ದು ನಿಮಗೆ ನೆನಪಿರಬಹುದು.

ಮಳೆ ನೋಡಿ ವಿಮೆ ಕೊಡೋ ಯೋಚನೆ ನಮ್ಮ ಮೈಸೂರಿನದ್ದೇ ಅಂದ್ರೆ ಆಶ್ಚರ್ಯ ಆಗಬಹುದು. ಮೈಸೂರು ಸಂಸ್ಥಾನದ ಹಣಕಾಸು ಅಧಿಕಾರಿ ಜೆ.ಎಸ್. ಚಕ್ರವರ್ತಿ ಅವರು 1920ರಲ್ಲೇ ಮಳೆ ಆಧಾರದ ಕೃಷಿ ವಿಮೆಯ ಪೂರ್ತಿ ಯೋಜನೆ ಬರೆದು ಪ್ರಕಟಿಸಿದ್ರು. ಹೊಲ ಹೊಲ ನೋಡ್ತಾ ಹೋದ್ರೆ ಖರ್ಚು ತಡೆಯಲ್ಲ, ಮೋಸಕ್ಕೂ ದಾರಿ, ಮಳೆ ಅಳತೆ ಆದ್ರೆ ಯಾರೂ ತಿದ್ದೋಕಾಗಲ್ಲ, ದುಡ್ಡೂ ಬೇಗ ಸಿಗುತ್ತೆ ಅನ್ನೋದು ಈ ದಾರಿಯ ಹಿಂದಿನ ತರ್ಕ. ಆಮೇಲೆ 2007ರ ಮುಂಗಾರಲ್ಲಿ ಹವಾಮಾನ ವಿಮೆಯನ್ನ ಪ್ರಾಯೋಗಿಕವಾಗಿ ಮಾಡಿದ್ದೂ ಕರ್ನಾಟಕದಲ್ಲೇ.

ತರ್ಕ ಸರಿ ಇದೆ, ಆದ್ರೆ ಅದೆಲ್ಲ ನಿಂತಿರೋದು ಮಳೆಮಾಪನ ಯಂತ್ರ ನೆಟ್ಟಗಿರೋದರ ಮೇಲೆ. ಮಲೆನಾಡಲ್ಲಿ ಒಂದು ಗುಡ್ಡದ ಈಚೆ ಬಿದ್ದ ಮಳೆ ಆಚೆ ಇರಲ್ಲ. ಪಂಚಾಯ್ತಿ ಆಫೀಸ್ ಪಕ್ಕದ ಒಂದು ಯಂತ್ರ ಮೂರು ಕಣಿವೆಯ ತೋಟಕ್ಕೆ ಸಾಕ್ಷಿ ಹೇಳಬೇಕು, ಅದರ ಬಾಯಿಗೆ ಒಣ ಎಲೆ ಬಿದ್ದು ಕಟ್ಟಿಕೊಂಡ್ರೆ, ಬ್ಯಾಟರಿ ಹೋದ್ರೆ, ಮೇಲೆ ಮರದ ಕೊಂಬೆ ಬೆಳೆದು ಅಡ್ಡ ಬಂದ್ರೆ ಆಷಾಢದಲ್ಲೂ 'ಮಳೆ ಇಲ್ಲ' ಅಂತ ಬರೆಯುತ್ತೆ. ನನಗೆ ಪರಿಚಯದ ಒಬ್ಬ ಬೆಳೆಗಾರರು ಮನೆ ಅಂಗಳದಲ್ಲಿ ತಾವೇ ಒಂದು ಮಳೆಮಾಪಕ ಇಟ್ಟು ದಿನಾ ಬೆಳಗ್ಗೆ ಬರೆದಿಡ್ತಾರೆ. ಆ ಪುಸ್ತಕಕ್ಕೆ ಕಾನೂನಿನ ಬೆಲೆ ಇಲ್ಲದಿರಬಹುದು, ಆದ್ರೆ ಪಂಚಾಯ್ತಿ ಯಂತ್ರ ಕೆಟ್ಟಿದೆ ಅನ್ನೋದನ್ನ ಅವರು ಮೂರೇ ದಿನದಲ್ಲಿ ಹಿಡಿದು ತೋಟಗಾರಿಕೆ ಇಲಾಖೆಗೆ ಬರೆದುಕೊಟ್ರು, ಸ್ವೀಕೃತಿ ಸೀಲ್ ಹಾಕಿಸ್ಕೊಂಡ್ರು. ನೀವೂ ಹಾಗೇ ಮಾಡಿ, ಮಳೆಗಾಲ ಮುಗಿದು ದುಡ್ಡು ಬರಲಿಲ್ಲ ಅಂತ ಗೊತ್ತಾದ ಮೇಲೆ ಯಂತ್ರ ಕೆಟ್ಟಿತ್ತು ಅಂದ್ರೆ ಯಾರೂ ಕೇಳಲ್ಲ.

ಪ್ರಶ್ನೆ: ರಾಗಿ ಕೊಯ್ದು ಹೊಲದಲ್ಲೇ ಒಣಗೋಕೆ ಹಾಕಿದ್ವಿ, ಮಳೆ ಬಂದು ಮೊಳಕೆ ಒಡೀತು. ಇದಕ್ಕೂ ಪಂಚಾಯ್ತಿ ಸರಾಸರಿನೇನಾ? (ರಾಮನಗರ ಕಡೆ)

ಇಲ್ಲ, ಒಬ್ಬೊಬ್ಬರ ಹೊಲ ನೋಡೋ ಜಾಗ ಇದೇ. ಕೊಯ್ದು ಹೊಲದಲ್ಲಿ ಹರಡಿದ ಬೆಳೆ 14 ದಿನದ ಒಳಗೆ ಅಕಾಲಿಕ ಮಳೆ, ಚಂಡಮಾರುತ, ಆಲಿಕಲ್ಲಿಗೆ ಹಾಳಾದ್ರೆ, ಇಲ್ಲ ಬೆಳೆ ನಿಂತಿರೋವಾಗ ಆಲಿಕಲ್ಲು, ಭೂಕುಸಿತ, ಮೇಘಸ್ಫೋಟ, ಸಿಡಿಲಿನ ಬೆಂಕಿ, ಹೊಲ ಮುಳುಗೋದು ಇಂಥದಾದ್ರೆ ನಿಮ್ಮ ಸರ್ವೆ ನಂಬರನ್ನೇ ಬಂದು ನೋಡ್ತಾರೆ. ಷರತ್ತು ಒಂದೇ, ಆಗಿ 72 ಗಂಟೆ ಒಳಗೆ ತಿಳಿಸಬೇಕು. 14447ಕ್ಕೆ ಫೋನ್ ಮಾಡಿ, ದೂರು ನಂಬರ್ ಬರ್ಕೊಳ್ಳಿ, ಫೋಟೋ ತೆಗೆದಿಡಿ. ಮಳೆ ನಿಲ್ಲಲಿ, ಸೋಮವಾರ ಹೋಗೋಣ ಅಂತ ಕೂತವರೆಲ್ಲ ಕಳಕೊಂಡಿದ್ದಾರೆ. ಅಕ್ಕಪಕ್ಕದ ವಯಸ್ಸಾದವರ ಹೊಲವೂ ನೆನೆದಿದ್ರೆ ಅವರ ಪರವಾಗಿ ನೀವೇ ಫೋನ್ ಮಾಡಿಕೊಡಿ.

ಭತ್ತದವರಿಗೆ ಒಂದು ಮಾತು: ಮುಳುಗಡೆ ಕವರ್‌ನಿಂದ ಭತ್ತವನ್ನ 2018ರಲ್ಲಿ ತೆಗೆದಿದ್ರು. ಮತ್ತೆ ಸೇರಿಸ್ತೀವಿ, ಕಾಡುಪ್ರಾಣಿ ಹಾವಳಿಯನ್ನೂ ಸೇರಿಸ್ತೀವಿ, 2026ರ ಮುಂಗಾರಿನಿಂದ ಅಂತ ಕೇಂದ್ರ ಸರ್ಕಾರ 2025ರ ನವೆಂಬರಲ್ಲಿ ಹೇಳಿದೆ. ಯಾವ ಪ್ರಾಣಿ, ಯಾವ ಜಿಲ್ಲೆ ಅನ್ನೋದನ್ನ ರಾಜ್ಯ ಅಧಿಸೂಚನೆ ಮಾಡಬೇಕು. ಆನೆ, ಹಂದಿ ಕಾಟದ ಬಗ್ಗೆ ಬರೆದ ಹಾಸನ, ಚಾಮರಾಜನಗರ ಕಡೆಯವರು ಪ್ರೀಮಿಯಂ ಕಟ್ಟೋ ಮುಂಚೆ ನಿಮ್ಮ ಜಿಲ್ಲೆ ಪಟ್ಟಿಯಲ್ಲಿ ಇದೆಯಾ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

ಪ್ರಶ್ನೆ: ನಾನು ಹಾಕಿದ್ದು ಮೆಕ್ಕೆಜೋಳ, ಬ್ಯಾಂಕಿನವರು ಸಾಲದ ಖಾತೆಯಿಂದ ಭತ್ತಕ್ಕೆ ಅಂತ ಪ್ರೀಮಿಯಂ ಕಟ್ ಮಾಡಿದ್ದಾರೆ. ನಮ್ಮ ಮಾವನವರ ಹೆಸರಲ್ಲಿ ಪಹಣಿ, ಅವರು ತೀರ್ಕೊಂಡು ಎರಡು ವರ್ಷ ಆಯ್ತು. ಏನ್ ಮಾಡ್ಲಿ? (ದಾವಣಗೆರೆ ಜಿಲ್ಲೆ, ಒಬ್ಬ ಸೋದರಿ)

ಅಕ್ಕಾ, ಎರಡೂ ಗಂಟು ಬೇಗ ಬಿಚ್ಚಬೇಕು. 2020ರ ಮುಂಗಾರಿನಿಂದ ಸಾಲ ತಗೊಂಡವರಿಗೂ ವಿಮೆ ಕಡ್ಡಾಯ ಅಲ್ಲ, ಆದ್ರೆ ಬೇಡ ಅಂದ್ರೆ ಕೊನೇ ದಿನಾಂಕಕ್ಕೆ 7 ದಿನ ಮುಂಚೆ ಬರೆದುಕೊಡಬೇಕು, ಕೊಡದಿದ್ರೆ ಬ್ಯಾಂಕು ಕಟ್ ಮಾಡುತ್ತೆ. ಬೆಳೆ ಬದಲಾಯಿಸಿದ್ರೆ ಕೊನೇ ದಿನಾಂಕಕ್ಕೆ 2 ದಿನ ಮುಂಚೆ ತಿಳಿಸಬೇಕು. ನೀವು ಮೆಕ್ಕೆಜೋಳ ಅಂತ ಬರವಣಿಗೆಯಲ್ಲಿ ಕೊಟ್ಟಿದ್ದು, ಬ್ಯಾಂಕೇ ತಪ್ಪು ಹಾಕಿದ್ರೆ ಆ ನಷ್ಟಕ್ಕೆ ಬ್ಯಾಂಕೇ ಹೊಣೆ ಅಂತ ಯೋಜನೆಯ ನಿಯಮದಲ್ಲೇ ಇದೆ, ಅದಕ್ಕೆ ಕೊಟ್ಟ ಪತ್ರದ ಒಂದು ಪ್ರತಿ ಸೀಲ್ ಹಾಕಿಸಿ ಮನೇಲಿಟ್ಕೊಳ್ಳಿ. ಬಾಯಲ್ಲಿ ಹೇಳಿದ್ದು ಲೆಕ್ಕಕ್ಕೆ ಬರಲ್ಲ.

ಇದಕ್ಕಿಂತ ಮುಖ್ಯ, ನಮ್ಮ ರಾಜ್ಯದಲ್ಲಿ ವಿಮೆ ಮಾಡಿಸಿದ ಬೆಳೆಯನ್ನ ಬೆಳೆ ಸಮೀಕ್ಷೆಯ ಜೊತೆ ತಾಳೆ ನೋಡ್ತಾರೆ. ವಿಮೆಯಲ್ಲಿ ಭತ್ತ, ಸಮೀಕ್ಷೆ ಫೋಟೋದಲ್ಲಿ ಮೆಕ್ಕೆಜೋಳ ಅಂತ ಬಂದ್ರೆ ಅರ್ಜಿ ತಿರಸ್ಕಾರ. ಬೆಳೆ ಸಮೀಕ್ಷೆ ಆಪಲ್ಲಿ ನಿಮ್ಮ ಸರ್ವೆ ನಂಬರಿಗೆ ಏನು ಹಾಕಿದ್ದಾರೆ ಅಂತ ಬೆಳೆ ದರ್ಶಕ ಆಪಲ್ಲಿ ಮಕ್ಕಳ ಕೈಲಿ ನೋಡಿಸಿ, ತಪ್ಪಿದ್ರೆ ಅಲ್ಲೇ ಆಕ್ಷೇಪಣೆ ಹಾಕಬಹುದು.

ಪಹಣಿ ವಿಷಯ, ಮಾವನವರ ಹೆಸರಲ್ಲೇ ಇದ್ರೆ ರೈತರ ಗುರುತಿನ ನಂಬರ್ ಆದ ಎಫ್‌ಐಡಿ, ಆಧಾರ್, ಬ್ಯಾಂಕ್ ಖಾತೆ ಯಾವುದೂ ಹೊಂದಲ್ಲ, ಪರಿಹಾರ ಮಂಜೂರಾದ್ರೂ ಸಿಕ್ಕಿಹಾಕ್ಕೊಳ್ಳುತ್ತೆ. ಪೌತಿ ಖಾತೆಗೆ, ಅಂದ್ರೆ ತೀರ್ಕೊಂಡವರ ಜಮೀನನ್ನ ವಾರಸುದಾರರ ಹೆಸರಿಗೆ ಮಾಡಿಸೋಕೆ, ಅರ್ಜಿ ಹಾಕಿ. ಮರಣ ಪ್ರಮಾಣಪತ್ರ, ವಂಶವೃಕ್ಷ ತಗೊಂಡು ನಾಡಕಚೇರಿಗೆ ಹೋಗಿ. ನಿಮ್ಮ ಯಜಮಾನರ ಅಣ್ಣತಮ್ಮಂದಿರ ಒಪ್ಪಿಗೆ ಬೇಕಾಗಬಹುದು, ಹಬ್ಬಕ್ಕೆ ಎಲ್ಲ ಸೇರಿದಾಗ ಸಹಿ ಹಾಕಿಸ್ಕೊಂಡುಬಿಡಿ. ಖಾತೆ ಆದ ಮೇಲೆ ರೈತ ಸಂಪರ್ಕ ಕೇಂದ್ರದಲ್ಲಿ ಹೊಸ ಎಫ್‌ಐಡಿ ಮಾಡಿಸಿ, ಬ್ಯಾಂಕಲ್ಲಿ ಆಧಾರ್ ಸೀಡಿಂಗ್ (ಖಾತೆಗೆ ಆಧಾರ್ ಜೋಡಣೆ) ಆಗಿದೆಯಾ ಅಂತ ಕೇಳಿ. ಮುಂದಿನ ಮುಂಗಾರಿನ ಕೊನೇ ದಿನಾಂಕದೊಳಗೆ ಇಷ್ಟೂ ಆಗಬೇಕಾದ್ರೆ ಪೌತಿ ಅರ್ಜಿ ಈ ತಿಂಗಳೇ ಕೊಡಿ, ಎಲ್ಲಾದ್ರೂ ನಿಂತ್ರೆ ನನಗೆ ಬರೀರಿ.